ದುಬೈಗೆ ಹೋಗಬೇಕಿದ್ದ ಚಪ್ಪಲಿಗಳು

ಸೂರತ್ತಿನಲ್ಲಿ ಪ್ಲೇಗ್ ಬಂದಿದೆ ಎಂದು ರೇಡಿಯೋ ಹೇಳಿದಾಗ ನಾನು ಶಿರಗುಪ್ಪಿಯ ನಮ್ಮ ಹೊಲದಲ್ಲಿ ಕಬ್ಬಿಗೆ ನೀರು ಬಿಡುತ್ತಿದ್ದೆ. ಸೂರತ್ತೆಲ್ಲಿ, ನಾವೆಲ್ಲಿ ಎಂದು ತಲೆ ಕೆಡಿಸಿಕೊಳ್ಳಲಿಲ್ಲ. ಕೆಲವೇ ದಿನಗಳಲ್ಲಿ ಅಥಣಿಯಿಂದ ಸುದ್ದಿ ಬಂತು. ದುಬೈಯವರು ನಮ್ಮ ದೇಶದ ವಿಮಾನಗಳನ್ನು ನಿಲ್ಲಿಸಿದ್ದಾರೆ, ಇದ್ದಂತೆಯೇ ಹೊರಟು ಬಾ ಎಂದು. ನೀರಿನ ಮೋಟರು ಬಂದ್ ಮಾಡಿ, ಕೆಸರು ಕಾಲಲ್ಲೇ ಬಸ್ಸು ಹತ್ತಿದೆ.

ಅಥಣಿಯಲ್ಲಿ ನಮ್ಮದೊಂದು ಎರಡು ವರ್ಷದ ಚಪ್ಪಲಿಯ ಕಂಪನಿ ಇತ್ತು. ಕಂಪನಿ ಎಂದರೆ ದೊಡ್ಡ ಕಾರಖಾನೆ ಕಲ್ಪಿಸಿಕೊಳ್ಳಬೇಡಿ. ದುಡ್ಡು ಹಾಕಿದವರು ಮೂರೇ ಜನ: ಔಷಧಿ ಅಂಗಡಿ ಇಟ್ಟಿದ್ದ ಗೆಳೆಯರೊಬ್ಬರು (ಅವರೇ ಅಧ್ಯಕ್ಷರು), ದಿಗ್ಗೇವಾಡಿಯ ನಮ್ಮ ಬೀಗರು, ಮತ್ತು ನಾನು. ನಮ್ಮ ಕಡೆ ಹೊಲಿದ ಚಪ್ಪಲಿಗೆ ಕೊಲ್ಹಾಪುರದ ಹೆಸರು ಹಚ್ಚಿ ಮಾರುತ್ತಾರಲ್ಲ ಎಂದು ನನಗೆ ಮೊದಲಿಂದಲೂ ಹೊಟ್ಟೆಯುರಿ. ಆ ಸಿಟ್ಟಿನಲ್ಲೇ ನಾನು ದುಡ್ಡು ಹಾಕಿದ್ದು. ಕೆಲಸ ಬಲ್ಲವರು ಮಾತ್ರ ಒಬ್ಬರೇ, ನಮ್ಮ ಮೇಸ್ತ್ರಿ. ಅವರ ಕೈಕೆಳಗೆ ಅವರದೇ ಓಣಿಯ ಗಂಡಸರು ತೊಗಲು ಕತ್ತರಿಸುತ್ತಿದ್ದರು, ಹೆಂಗಸರು ಮೇಲಿನ ಪಟ್ಟಿ ಹೆಣೆಯುತ್ತಿದ್ದರು. ಮೇಸ್ತ್ರಿ ನನಗಿಂತ ಹತ್ತು ವರ್ಷ ದೊಡ್ಡವರು. ಆದರೂ ಆಗ ನಾನು ಅವರಿಗೆ ‘ನೀ’ ಎಂದೇ ಅನ್ನುತ್ತಿದ್ದೆ.

ಆ ಬೇಸಿಗೆಯಲ್ಲಿ ದುಬೈಯ ವ್ಯಾಪಾರಿಯೊಬ್ಬರು ನಮ್ಮಲ್ಲಿಗೆ ಬಂದಿದ್ದರು. ಮೇಸ್ತ್ರಿ ಅವರನ್ನು ಕಾಗದದ ಮೇಲೆ ನಿಲ್ಲಿಸಿ, ಪಾದದ ಸುತ್ತ ಪೆನ್ಸಿಲು ಎಳೆದು, ಮೂರು ದಿನದಲ್ಲಿ ಒಂದು ಜೋಡು ಹೊಲಿದು ಕೊಟ್ಟರು. ಆ ಮನುಷ್ಯ ಅದನ್ನು ಮೆಟ್ಟಿ ಪೇಟೆಯೆಲ್ಲ ಸುತ್ತಾಡಿ, ಮರುದಿನ ಆರ್ಡರು ಬರೆದುಕೊಟ್ಟರು. ಕರಾರು ಎರಡು. ಅಲ್ಲಿಯ ಜನರ ಪಾದ ಅಗಲವಾದದ್ದರಿಂದ ಅವರ ಕಾಲಿನ ಅಳತೆ ಬರೆದ ಹಾಳೆಗಳನ್ನು ದುಬೈಯಿಂದ ಅವರ ಮನುಷ್ಯ ತರಬೇಕು. ಅದೇ ಮನುಷ್ಯ ತಯಾರಾದ ಮಾಲು ನೋಡಿ ಸಹಿ ಹಾಕಿದ ಮೇಲೆಯೇ ಪೆಟ್ಟಿಗೆ ಹಡಗು ಹತ್ತಬೇಕು. ನಂಬರಿನ ಲೆಕ್ಕದಲ್ಲಿ ಹೊಲಿ ಎಂದರೆ ಮೇಸ್ತ್ರಿ ಒಪ್ಪಿರಲಿಲ್ಲ. “ನಂಬರ ಪೆಟ್ಟಿಗಿ ಮ್ಯಾಲ ಬರಿಯಾಕ ಚಲೋರಿ, ಕಾಲಿಗಲ್ಲ” ಎಂದಿದ್ದರು.

ಈಗ ವಿಮಾನವಿಲ್ಲ, ಮನುಷ್ಯನೂ ಇಲ್ಲ. ಇನ್ನೊಂದು ಕಡೆ ಕೊಲ್ಹಾಪುರದ ಸಾಹುಕಾರನೊಬ್ಬ ಮೇಸ್ತ್ರಿಯನ್ನು ಕೂಲಿಗೆ ಕರೆಯುತ್ತಲೇ ಇದ್ದ. ಈ ಆರ್ಡರಿನ ಆಸೆಗೆ ಅವರು ಹೋಗದೆ ನಿಂತಿದ್ದರು. ದಸರೆಯ ತನಕ ಕಾಯುತ್ತೇನೆ, ಆಮೇಲೆ ಹೊಟ್ಟೆಪಾಡು ನೋಡಬೇಕಲ್ಲ ಎಂದು ನಮಗೆ ಹೇಳಿಬಿಟ್ಟಿದ್ದರು. ಅವರು ಹೋದರೆ ಹಿಂದೆಯೇ ಇಡೀ ಓಣಿ ಹೋಗುತ್ತದೆ. ಉಳಿಯುವುದು ಬಾಗಿಲ ಮೇಲಿನ ಬೋರ್ಡು.

ಔಷಧಿ ಅಂಗಡಿಯ ಅಟ್ಟದ ಮೇಲೆ ಮೂರು ಸ್ಟೀಲ್ ಕುರ್ಚಿ ಹಾಕಿಕೊಂಡು ಕೂತೆವು. ಕೆಳಗೆ ಮೂಗಿಗೆ ಕರವಸ್ತ್ರ ಕಟ್ಟಿಕೊಂಡ ಜನ ಪ್ಲೇಗಿನ ಗುಳಿಗೆ ಕೊಡ್ರಿ ಎಂದು ಮುತ್ತಿಕೊಂಡಿದ್ದರು. ಸುತ್ತ ಹತ್ತೂರಲ್ಲಿ ಒಬ್ಬರಿಗೂ ಪ್ಲೇಗಿಲ್ಲ. ಅಧ್ಯಕ್ಷರು ಎರಡು ಮಾತಾಡುವುದು, ಇಳಿದು ಹೋಗಿ ಗುಳಿಗೆ ಕೊಡುವುದು, ಮತ್ತೆ ಹತ್ತಿ ಬರುವುದು.

“ಆರ್ಡರ ಬಿಟ್ಟ ಬಿಡೂನ್ರಿ,” ಎಂದರು ಬೀಗರು. “ವಿಮಾನನ ಹಾರವಲ್ವು, ನಾವ್ಯಾಕ ಹಾರೂದು? ಸಾಂಗ್ಲಿ ಪ್ಯಾಟಿಗೆ ಸಾದಾ ಮಾಲ ಮಾಡಿ ಹಾಕೂನು.”

ಅಧ್ಯಕ್ಷರು, “ಜರಾ ಕಾಯೂನ್ರಿ” ಎಂದರು. ಅವರು ಎಲ್ಲದಕ್ಕೂ ಹಾಗೇ ಅನ್ನುವವರು.

ನನಗೆ ರೇಗಿತು. ಬೀಗರನ್ನು ನೇರವಾಗಿ ಬೈಯುವ ಹಾಗಿಲ್ಲ, ಮಗಳನ್ನು ಕೊಟ್ಟ ಮನೆ. ಅದಕ್ಕೆ ಅಧ್ಯಕ್ಷರ ಕಡೆ ತಿರುಗಿ ಬೀಗರಿಗೆ ಬೈದೆ. “ಹಡಗಿಗೇನ ಜ್ವರ ಬಂದೈತೇನ್ರಿ? ಮುಂಬೈದಿಂದ ಹಡಗ ಹೊಂಟಾವ. ಅಳತಿ ಫ್ಯಾಕ್ಸಿನ್ಯಾಗ ತರಸ್ರಿ. ಅಂಜಬುರಕರಾಗಿ ಕುಂತ್ರ ಧಂದೆ ಆಗೂದಿಲ್ಲ.” ಟೇಬಲ್ಲಿಗೆ ಗುದ್ದಿದ ರಭಸಕ್ಕೆ ಚಹಾ ಚೆಲ್ಲಿ ಕರಾರಿನ ಕಾಗದ ತೊಯ್ದಿತು.

ಅಧ್ಯಕ್ಷರು ಎಸ್‌ಟಿಡಿ ಬೂತಿನಿಂದ ದುಬೈಗೆ ಮಾತಾಡಿ ಬಂದರು. ವ್ಯಾಪಾರಿ ಅಳತೆಗಳನ್ನು ಫ್ಯಾಕ್ಸು ಮಾಡಲು ಒಪ್ಪಿದ್ದರು. ತಮ್ಮ ಮನುಷ್ಯ ಬರಲಾಗದ್ದರಿಂದ, ನಿಮ್ಮಲ್ಲಿ ಮಾಲನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲವರೇ ನೋಡಿ, ಸಹಿ ಹಾಕಿ ಕಳಿಸಲಿ, ನಂಬುತ್ತೇನೆ ಎಂದಿದ್ದರಂತೆ. ಯಾರು ಸಹಿ ಹಾಕುವುದು ಎಂದು ಮತ್ತೊಂದು ತಾಸು ಜಗ್ಗಾಡಿದೆವು. ಕೊನೆಗೆ ನಾನೇ ಹಾಕುತ್ತೇನೆ ಎಂದೆ. ಅಷ್ಟು ಹೊತ್ತೂ ಮೇಸ್ತ್ರಿ ಮೆಟ್ಟಿಲ ತುದಿಯಲ್ಲಿ, ಬಾಗಿಲ ಆಚೆ ನಿಂತಿದ್ದರು. ಅಲ್ಲೇ ನಿಲ್ಲು ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಒಳಗೆ ಬಾ ಎಂದೂ ಹೇಳಿರಲಿಲ್ಲ.

ಮರುದಿನ ಫ್ಯಾಕ್ಸು ಬಂತು. ಹಾಳೆಗಳನ್ನು ಬಾಗಿಲಲ್ಲೇ ಮೇಸ್ತ್ರಿಯ ಕೈಗೆ ಕೊಟ್ಟೆ. “ತಗೋ, ಇದರಂಗ ಕತ್ತರಸು. ತಡಾ ಮಾಡಬ್ಯಾಡ.”

ಅವರು ಒಂದೊಂದೇ ಹಾಳೆ ತಿರುವಿದರು. ಒಂದರ ಮೂಲೆಯಲ್ಲಿ ವ್ಯಾಪಾರಿಯದೇ ಹೆಸರಿತ್ತು, ಅಧ್ಯಕ್ಷರು ಓದಿ ಹೇಳಿದರು. ಮೇಸ್ತ್ರಿ ತಮ್ಮ ಚೀಲದಿಂದ ಬೇಸಿಗೆಯಲ್ಲಿ ತಾವೇ ಬರೆದಿದ್ದ ಆ ಪಾದದ ಹಾಳೆ ತೆಗೆದರು. ಎರಡನ್ನೂ ಜೋಡಿಸಿ ಮೆಟ್ಟಿಲ ಕಿಟಕಿಯ ಬೆಳಕಿಗೆ ಹಿಡಿದರು. ಫ್ಯಾಕ್ಸಿನ ಪಾದ ಸುತ್ತಲೂ ಅವರು ಬರೆದ ಗೆರೆಯ ಒಳಗೇ ಉಳಿದಿತ್ತು.

“ಈ ಕಾಲು ನಾ ಕೈಯಾಗ ಹಿಡದೀನ್ರಿ,” ಎಂದರು. “ಬ್ಯಾಸಗ್ಯಾಗ ಇದ್ದ ಕಾಲು ಈಗ ಸಣ್ಣದಾಗೂದಿಲ್ಲ.”

“ಅಷ್ಟ ದೊಡ್ಡ ಯಂತ್ರ ಸುಳ್ಳ ಹೇಳತೈತೇನೋ?” ಎಂದೆ ನಾನು.

“ಯಂತ್ರದ್ದ ನನಗ ಗೊತ್ತಿಲ್ರಿ ಸಾವಕಾರ್ರ. ಕಾಲಿಂದ ಗೊತ್ತೈತಿ.”

ಅಧ್ಯಕ್ಷರು ಬೂತಿಗೆ ಹೋಗಿ ಕೇಳಿಕೊಂಡು ಬಂದರು. ಪೂರ್ತಿ ಹಾಳೆ ಹಿಡಿಸಲೆಂದು ಆ ಯಂತ್ರ ಎಲ್ಲವನ್ನೂ ತುಸು ಕುಗ್ಗಿಸಿಯೇ ಕೊಡುತ್ತಿತ್ತಂತೆ. ಕಾಗದ ಪತ್ರಕ್ಕೆ ಅದರಿಂದ ಏನೂ ಆಗದು, ಯಾರೂ ಕೇಳಿರಲೂ ಇಲ್ಲ. ನನ್ನ ಮಾತು ಕೇಳಿ ಕತ್ತರಿಸಿದ್ದರೆ ಅಷ್ಟೂ ಜನರ ಹಿಮ್ಮಡಿ ಚಪ್ಪಲಿಯ ಹೊರಗೆ ಇರುತ್ತಿತ್ತು. ಮೇಸ್ತ್ರಿ ನನ್ನನ್ನು ಹಂಗಿಸಲಿಲ್ಲ. “ಎಷ್ಟ ಕುಗ್ಗೈತಿ ಅನ್ನೂದು ಈ ಒಂದ ಕಾಲಿನ್ಯಾಗ ಸಿಕ್ತರಿ. ಉಳದಾವ್ನೂ ಹಂಗ ಹಿಗ್ಗಸ್ತೀನಿ,” ಎಂದು ಹಾಳೆ ಸುತ್ತಿಕೊಂಡು ಇಳಿದು ಹೋದರು.

ಓಣಿಯ ಜನ ಹಗಲೆಲ್ಲ ಬೆನ್ನು ಬಗ್ಗಿಸಿ ದುಡಿದರು. ದಸರೆಯ ಹಿಂದಿನ ದಿನ ಮಾಲು ತಯಾರಾಯಿತು. ಮಧ್ಯಾಹ್ನ ಮತ್ತೆ ಅಟ್ಟ ಹತ್ತಿದೆವು. ಅಧ್ಯಕ್ಷರು ಇಂಗ್ಲಿಷಿನಲ್ಲಿ ಟೈಪು ಮಾಡಿಸಿದ್ದ ಕಾಗದ ನನ್ನ ಮುಂದಿಟ್ಟು, ಅದರ ಅರ್ಥ ಹೇಳಿದರು: ಈ ಮಾಲನ್ನು ನಾನು ಬಲ್ಲೆ, ಜೋಡು ಜೋಡು ನೋಡಿದ್ದೇನೆ, ಹೊಣೆ ನನ್ನದು. ಪೆನ್ನು ತೆಗೆದುಕೊಂಡೆ. ಸುಳ್ಳು ಹೇಳದ ಮನುಷ್ಯನೇನಲ್ಲ ನಾನು, ಆದರೆ ಅಂದು ಕೈ ಏಳಲಿಲ್ಲ.

“ಇದು ಮೇಸ್ತ್ರಿ ಮಾಡೂ ಸಹಿರಿ,” ಎಂದೆ.

“ಅಂವ ಪಾಲಿನಾಂವ ಅಲ್ಲಲ್ಲ,” ಎಂದರು ಬೀಗರು.

ಆ ದಿನ ಮೊದಲ ಸಲ ಬೀಗರ ಮುಖ ನೋಡಿಯೇ ಮಾತಾಡಿದೆ. “ಬೀಗರ, ಆ ಕಾಲು ಸಣ್ಣದಾಗಿದ್ದು ನಿಮಗ ಗೊತ್ತಾಗಿತ್ತೇನ್ರಿ? ನನಗಂತೂ ಆಗಿರಲಿಲ್ಲ.”

ಅವರು ಮೀಸೆ ಸವರಿಕೊಂಡರು. ಸಿಟ್ಟಾದರು, ಇನ್ನು ಮಗಳ ಗತಿಯೇನು ಎಂದುಕೊಂಡೆ. ಆಮೇಲೆ ಅವರು ಅಧ್ಯಕ್ಷರಿಗೆ ಹೇಳಿದರು: “ಹಂಗಾರ ಮದಲ ನಾಕನೇ ಪಾಲು ಬರೀರಿ. ಪಾಲಿಲ್ಲದಾಂವನ ಸಹಿ ನಡಿಯೂದಿಲ್ಲ. ನಾ ಕಾಯ್ದೆ ಬಿಟ್ಟ ಮಾತಾಡಾಂವಲ್ಲ.”

ಅಧ್ಯಕ್ಷರು ಪಾಲು ಬರೆದರು. ನಾನು ಬಾಗಿಲ ಕಡೆ ತಿರುಗಿದೆ. ಮೇಸ್ತ್ರಿ ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಒಳಗೆ ಒಂದು ಹೆಜ್ಜೆ ಇಟ್ಟು, ಮೂರು ಕುರ್ಚಿಗಳನ್ನೂ ಅವುಗಳಲ್ಲಿ ಕೂತ ನಮ್ಮನ್ನೂ ನೋಡಿದರು.

“ಎಲ್ಲಿ ಕುಂತ ಮಾಡ್ಲಿರಿ?” ಎಂದು ಕೇಳಿದರು.

ವ್ಯಂಗ್ಯವಿರಲಿಲ್ಲ, ನಿಜವಾಗಿಯೇ ಕೇಳಿದ್ದರು. ಎರಡು ವರ್ಷ ಈ ಮನುಷ್ಯನನ್ನು ಹೊಸ್ತಿಲಲ್ಲಿ ನಿಲ್ಲಿಸಿ ಅವರ ಕೈಕೆಲಸದ ಬಗ್ಗೆ ನಾವು ಮೂವರು ವಾದ ಮಾಡಿದ್ದೆವು. ನನಗೆ ಬಹಳ ನಾಚಿಕೆಯಾಯಿತು. ಎದ್ದು ನಿಂತು, ನನ್ನ ಕುರ್ಚಿಯನ್ನು ಅವರ ಕಡೆ ಸರಿಸಿದೆ.

“ಇಲ್ಲಿ ಬರ್ರಿ. ಇಲ್ಲೆ ಕುಂದರ್ರಿ.”

ಅವರು ಕೂತರು. ಅಧ್ಯಕ್ಷರಿಂದ ಕಾಗದವನ್ನು ಕನ್ನಡದಲ್ಲಿ ಎರಡು ಸಲ ಹೇಳಿಸಿಕೊಂಡರು. ಹೊಣೆ ಎಂಬ ಮಾತು ಬಂದಾಗ ತಲೆಯಾಡಿಸಿದರು. ಕೈಯನ್ನು ಧೋತರಕ್ಕೆ ಒರೆಸಿಕೊಂಡು, ಹೆಸರನ್ನು ಪೂರ್ತಿಯಾಗಿ, ನಿಧಾನವಾಗಿ ಬರೆದರು. ಬರೆದ ಮೇಲೂ ಎದ್ದು ಹೋಗಲಿಲ್ಲ. ಪೆನ್ನಿನ ಮುಚ್ಚಳ ಹಾಕಿ ಕೂತೇ ಇದ್ದರು.

“ಕೊಲ್ಹಾಪುರದವ್ರಿಗೆ ಒಂದ ಫೋನ ಮಾಡಿ ಹೇಳಬೇಕಾಗಿತ್ರಿ, ನಾ ಬರೂದಿಲ್ಲಂತ,” ಎಂದರು. “ಹೊಣಿ ನಂದಂತ ಸಹಿ ಮಾಡಿದಾಂವ ಊರಾಗ ಇರಬೇಕಲ್ರಿ.”

ಫೋನು ಮಾಡಲು ನಾನೇ ಮೆಟ್ಟಿಲಿಳಿದು ಓಡಿದೆ.