ಗಾಯರಾಣದ ನಕಾಶೆ

ಟಿಕೋಟಾದ ಒಂದು ಹೆಣ್ಣುಮಕ್ಕಳ ಸಾಲಿಗೆ ನಾನು ಪಾಠ ಹೇಳುವ ಅಕ್ಕೋರಾಗಿ ಸೇರಿದಾಗ ನನಗೆ ಇಪ್ಪತ್ತೆರಡು. ಎಪ್ಪತ್ತರ ದಶಕದ ನಡುವಿನ ಮಾತು. ನಮ್ಮದು ಕುರಿ ಕಾಯುವ ಮನೆತನ. ಬಿಜ್ಜರಗಿಯ ಆಚೆ, ಕಲ್ಲುನೆಲದ ಮಡ್ಡಿಯ ಮೇಲೆ ನಮ್ಮ ಹಟ್ಟಿ. ಅದರ ಸುತ್ತ ಹರಡಿದ್ದ ಹುಲ್ಲುಗಾವಲನ್ನು ಗಾಯರಾಣ ಅನ್ನುತ್ತಿದ್ದೆವು. ಹಟ್ಟಿಯಲ್ಲಿ ಅಕ್ಷರ ಕಲಿತ ಮೊದಲ ಹೆಣ್ಣು ನಾನು. ನನ್ನನ್ನು ಸಾಲಿಗೆ ಕಳಿಸಲು ಅಪ್ಪ ತನ್ನ ಅಣ್ಣತಮ್ಮಂದಿರ ಸಂಗಡ ಮಾತು ಬಿಟ್ಟಿದ್ದ.

ನಾಲ್ಕನೇ ಇಯತ್ತೆಗೆ ಇತಿಹಾಸ ಕಲಿಸುವುದು ನನ್ನ ಪಾಲಿಗೆ ಬಂತು. ಪುಸ್ತಕದಲ್ಲಿ ಸುಲ್ತಾನರಿದ್ದರು, ಕೋಟೆಗಳಿದ್ದವು, ಯಾರು ಯಾರನ್ನು ಸೋಲಿಸಿದರೆಂಬುದಿತ್ತು. ಒಂದು ದಿನ ನಮ್ಮ ಜನದ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು.

"ಅಕ್ಕೋರ, ರಾಜಾ ಕುದರಿ ಮ್ಯಾಲ ಹೊಂಟಾಗ ನಮ್ಮ ಮಂದಿ ಎಲ್ಲಿದ್ರಿ?"

"ಇಲ್ಲೇ ಇದ್ರು."

"ಮತ್ತ ಯಾಕ ಬರದಿಲ್ರಿ?"

"ಸುಮ್ನ ಪಾಠ ಓದು" ಎಂದು ಗದರಿಸಿ ಕೂಡಿಸಿದೆ. ನಾನು ಸಾಲಿಗೆ ಹೋಗುವಾಗ ಇದೇ ಪ್ರಶ್ನೆ ನನ್ನ ಬಾಯಿಗೂ ಬಂದಿತ್ತು. ಕೇಳುವ ಧೈರ್ಯವಾಗಿರಲಿಲ್ಲ.

ಆ ವರ್ಷವೇ ಬಿಜಾಪುರದಲ್ಲಿ ಸಾಲಿಗಳ ಪ್ರದರ್ಶನ ನಡೆಯುವುದಿತ್ತು. ಪ್ರತಿ ಸಾಲಿಯೂ ತನ್ನ ಊರಿನ ಇತಿಹಾಸ ತೋರಿಸಬೇಕು ಎಂದು ಕಾಗದ ಬಂತು. ಹೆಡ್ ಮಾಸ್ತರರು ಅದನ್ನು ನನ್ನ ಮುಂದೆ ಸರಿಸಿದರು. ಆ ಶನಿವಾರ ಹಟ್ಟಿಗೆ ಹೋದವಳು ಅಪ್ಪನಿಗೆ ಹೇಳಿದೆ, "ಗಾಯರಾಣದ ನಕಾಶೆ ತಗೀತೀನಿ ಯಪ್ಪಾ. ನೀ ತೋರಿಸ್ಕೋತ ನಡಿ, ನಾ ಬರಕೋತೀನಿ."

ಅಪ್ಪ ನಕ್ಕ. "ಕಾಲಿಲೆ ನೋಡೂದನ್ನ ಕಾಗದದಾಗ ಏನ್ ನೋಡ್ತಿ ಬೇ?"

ಆದರೂ ಮೂರು ಭಾನುವಾರ ನನ್ನ ಜೊತೆ ನಡೆದ. ನಾನು ಹೆಜ್ಜೆ ಎಣಿಸುತ್ತಿದ್ದೆ, ಆತ ಹೇಳುತ್ತಿದ್ದ. ಇದು ತೋಳನ ಕೊಳ್ಳ. ಇದು ನಿಮ್ಮಜ್ಜ ಹುಟ್ಟಿದ ಬೇವಿನ ಗಿಡ. ಕುರಿ ಕಾಯುತ್ತಲೇ ನಮ್ಮಾಯಿ ನಿಮ್ಮಜ್ಜನನ್ನು ಹಡೆದದ್ದು ಇದರ ಬುಡದಲ್ಲಿ. ಈ ಕಲ್ಲುಗಳ ಕೆಳಗೆ ನಮ್ಮ ಹಿರಿಯರು ಮಲಗಿದ್ದಾರೆ. ಇಲ್ಲಿಂದ ಮಳೆಗಾಲದಲ್ಲಿ ಹಿಂಡು ಮೂಡಣಕ್ಕೆ ಹೊರಡುತ್ತದೆ. ಇಷ್ಟೆಲ್ಲ ಒಬ್ಬ ಮನುಷ್ಯನ ತಲೆಯಲ್ಲಿದ್ದದ್ದು ಕಂಡು ನನಗೆ ಹೆಮ್ಮೆಯಾಯಿತು. ಸಾಲಿಯ ಅರ್ಜಿಗಳಲ್ಲಿ ಇಷ್ಟು ವರ್ಷ ಆತನನ್ನು ಅನಕ್ಷರಸ್ಥ ಎಂದು ಬರೆಯುತ್ತಿದ್ದೆನಲ್ಲ ಎಂದು ನಾಚಿಕೆಯೂ ಆಯಿತು.

ಕೊನೆಯ ಭಾನುವಾರ ಹಳ್ಳದ ದಂಡೆಗೆ ಕರೆದೊಯ್ದ. ಅಲ್ಲಿ ನಾಲ್ಕು ಕಡೆ ಕೈಯಿಂದ ಉಸುಕು ತೋಡಿ ತೋರಿಸಿದ. ಕಡುಬೇಸಗೆಯಲ್ಲೂ ನೀರು ಒಸರುವ ಒರತೆಗಳು ಅವು.

"ಇವನ್ನಷ್ಟು ಬರೀಬ್ಯಾಡ," ಎಂದ. "ಇವು ಬಾಯಿಲೆ ಹೇಳೂವು. ನಮ್ಮವ್ವ ನನಗ ಹೇಳ್ಯಾಳ, ನಾ ನಿನಗ ಹೇಳೇನಿ."

"ನೀರಿಲ್ಲದ ನಕಾಶೆ ಎಂಥಾದ್ದು ಯಪ್ಪಾ? ನೋಡಿದ ಮಾಸ್ತರ ಮಂದಿ ನಗ್ತಾರ."

ಅಪ್ಪ ಕೈಯ ಉಸುಕು ಒರೆಸಿಕೊಂಡ. "ನೀ ಕಲತಾಕಿ" ಎಂದಷ್ಟೇ ಹೇಳಿ ಎದ್ದ. ನಾನು ನೀಲಿ ಶಾಯಿಯಲ್ಲಿ ನಾಲ್ಕು ಗುಂಡು ಗುರುತು ಹಾಕಿದೆ.

ಪ್ರದರ್ಶನ ಗಾಂಧಿ ಚೌಕದ ಹತ್ತಿರದ ಒಂದು ಸಭಾಗೃಹದಲ್ಲಿತ್ತು. ಉಳಿದ ಸಾಲಿಗಳವರು ಮಣ್ಣಿನ ಗುಮ್ಮಟ, ರಟ್ಟಿನ ಕೋಟೆ ತಂದಿದ್ದರು. ನನ್ನ ಹಾಳೆ ಗೋಡೆಗೆ ತೂಗುಹಾಕಿ ನಿಂತೆ. ಪ್ರದರ್ಶನದ ತಪಾಸಣೆಗೆ ಬಂದ ಸಾಹೇಬರು ಕನ್ನಡಕ ಏರಿಸಿ ನೋಡಿದರು.

"ಇದೇನ್ರಿ ಅಕ್ಕೋರ?"

"ನಮ್ಮ ಮಂದಿ ಇತಿಹಾಸ್ರಿ, ಸರ್."

"ಇದರಾಗ ರಾಜಾ ಎಲ್ಲ್ಯಾನ? ಶಾಸನ ಎಲ್ಲೈತಿ? ಕುರಿ ಅಡ್ಡಾಡಿದ್ದೆಲ್ಲಾ ಇತಿಹಾಸ ಆದ್ರ ಪುಸ್ತಕ ಎಷ್ಟ ದಪ್ಪ ಮಾಡ್ಬೇಕ್ರಿ?"

ಸುತ್ತ ನಿಂತವರು ನಕ್ಕರು. ಅವರ ಜೊತೆ ನಾನೂ ನಕ್ಕೆ. ಇಷ್ಟು ವರ್ಷ ಕಳೆದರೂ ಆ ನಗುವಿಗೆ ನನ್ನನ್ನು ನಾನು ಕ್ಷಮಿಸಿಲ್ಲ. ಮಧ್ಯಾಹ್ನದೊಳಗೆ ನನ್ನ ಹಾಳೆ ಇಳಿಸಿ, ಆ ಮೊಳೆಗೆ ಇನ್ನೊಂದು ಸಾಲಿಯ ಗುಮ್ಮಟದ ಚಿತ್ರ ಹಾಕಿದರು.

ಹದಿನೈದು ದಿನ ಕಳೆದ ಮೇಲೆ ನಮ್ಮ ಕಡೆಯ ತಲಾಟಿ ಸಾಲಿಗೇ ಬಂದರು. ಹಳ್ಳಿಗಳ ಜಮೀನಿನ ದಫ್ತರ ಬರೆಯುವವರು. "ನಿಮ್ಮ ನಕಾಶೆ ಪ್ರದರ್ಶನದಾಗ ನೋಡೀನ್ರಿ. ಭಾಳ ಚಂದ ತಗದೀರಿ. ನನಗೊಂದ ನಕಲು ಮಾಡಿ ಕೊಡ್ತೀರೇನ?" ಎಂದರು. ಒಬ್ಬರಾದರೂ ಬೆಲೆ ತಿಳಿದರಲ್ಲ ಎಂದು ನಾನು ಉಬ್ಬಿಹೋದೆ. ಸಾಲಿ ಬಿಟ್ಟ ಮೇಲೆ ಎರಡು ಸಂಜೆ ಕೂತು ಅಚ್ಚುಕಟ್ಟಾಗಿ ನಕಲು ಮಾಡಿದೆ. ನೀಲಿ ಗುರುತುಗಳನ್ನು ಮೊದಲಿಗಿಂತ ದಟ್ಟವಾಗಿಯೇ ಹಾಕಿದೆ.

ಮುಂದಿನ ಬೇಸಗೆಗೆ ಹಳ್ಳದ ದಂಡೆಯಲ್ಲಿ ಬಾವಿ ತೋಡತೊಡಗಿದರು. ನಾಲ್ಕೇ ಬಾವಿ, ನಾಲ್ಕೂ ನನ್ನ ಗುರುತಿನ ಮೇಲೆ. ಗಾಯರಾಣ ದೊಡ್ಡ ಮನೆತನಗಳ ಹೆಸರಿಗೆ ಮಂಜೂರಾಗಿತ್ತು. ಮುಳ್ಳುತಂತಿ ಬಂತು. ಬೇವಿನ ಗಿಡ ತಂತಿಯ ಒಳಗೆ ಸೇರಿತು.

ಅಪ್ಪನನ್ನು ಕರೆದುಕೊಂಡು ಬಿಜಾಪುರದ ಕಚೇರಿಗೆ ಹೋದೆ. ಗುಮಾಸ್ತ ದಫ್ತರ ತೆಗೆದು ಓದಿದ: "ಖರಾಬ ಜಮೀನು. ಯಾರ ವಹಿವಾಟೂ ಇಲ್ಲ." ಅಪ್ಪ ನನ್ನ ಮುಖ ನೋಡಿದ. ಸಾಗುವಳಿಯಾಗದ ನೆಲಕ್ಕೆ ಕಚೇರಿಯವರು ಇಟ್ಟ ಖರಾಬ ಎಂಬ ಮಾತು ಆತನಿಗೆ ಬೇರೆ ಅರ್ಥದಲ್ಲಿ ಚೆನ್ನಾಗಿ ಗೊತ್ತಿತ್ತು. ಕೊಳೆತದ್ದಕ್ಕೆ, ಕೆಟ್ಟದ್ದಕ್ಕೆ ನಾವು ದಿನಾ ಆಡುವ ಮಾತು.

ನಾನು ನಕಾಶೆ ಬಿಚ್ಚಿದೆ. "ನೋಡ್ರಿ, ನಮ್ಮ ಹಿರೇರು ಮಣ್ಣಾಗಿದ್ದು ಇಲ್ಲೇ."

"ಇದಕ್ಕ ಸರಕಾರಿ ಸಿಕ್ಕಾ ಎಲ್ಲೈತ್ರಿ?" ಎಂದ. "ಸಾಲಿ ಮಕ್ಕಳ ಚಿತ್ರ ತಂದು ಜಮೀನ ಕೇಳ್ತೀರಿ?"

ಆತ ಮುಚ್ಚುತ್ತಿದ್ದ ಕಡತದ ಅಂಚಿನಲ್ಲಿ ನನ್ನ ಅಕ್ಷರ ಕಂಡಿತು. ನಾನು ಮಾಡಿಕೊಟ್ಟ ನಕಲು, ಅವೇ ನೀಲಿ ಗುರುತುಗಳು.

"ಅದು ನಂದ್ರಿ!" ಎಂದೆ. "ಅದನ್ನ ತಗದಾಕಿ ನಾನ."

"ಇದು ಕಚೇರಿ ಕಾಗದರಿ, ಅಕ್ಕೋರ. ಕೈ ಹಚ್ಚಬ್ಯಾಡ್ರಿ."

ಎರಡು ತಿಂಗಳಲ್ಲಿ ಅಪ್ಪ ಹಿಂಡು ಮಾರಿದ. ಮುಂದೆ ಆ ತಂತಿಯೊಳಗೆ ದ್ರಾಕ್ಷಿ ಪಡ ಎದ್ದಾಗ ಅಲ್ಲೇ ಬಳ್ಳಿ ಕಟ್ಟುವ ಕೂಲಿಗೆ ಹೋದ. ಬೈದಿದ್ದರೆ ಹಗುರಾಗುತ್ತಿತ್ತು. ಒಮ್ಮೆ ಮಾತ್ರ, ನಾನು ಕೊಟ್ಟ ನೀರಿನ ತಂಬಿಗೆ ಕೆಳಗಿಡುತ್ತ ಅಂದ: "ಬರೀಬ್ಯಾಡ ಅಂದಿದ್ದೆ." ಮತ್ತೆಂದೂ ಆ ಮಾತು ತೆಗೆಯಲಿಲ್ಲ.

ನನಗೆ ಬಬಲೇಶ್ವರಕ್ಕೆ ವರ್ಗವಾಯಿತು. ಅಲ್ಲಿಯೂ ಅದೇ ಪುಸ್ತಕ, ಅವೇ ಪ್ರಶ್ನೆಗಳು. ಯಾವ ಹುಡುಗಿಯೂ ಎದ್ದು ಕೇಳಲಿಲ್ಲ. ಕೇಳದ ಹಾಗೆ ನಾನೇ ಬಿಗಿಯಾಗಿ ಕಲಿಸುತ್ತಿದ್ದೆನೇನೋ. ಒಂದು ದಿನ ಕಂಬಳಿ ಹೊದ್ದ ಹಿರಿಯನೊಬ್ಬ ಸಾಲಿಯ ಬಾಗಿಲಿಗೆ ಬಂದ. ನಮ್ಮ ಹಟ್ಟಿಯ ಬೀಗರಿಂದ ನನ್ನ ಸುದ್ದಿ ಕೇಳಿದ್ದನಂತೆ.

"ನಮ್ಮ ಮಡ್ಡೀದೂ ಒಂದು ನಕಾಶೆ ತಗದ ಕೊಡ್ರಿ ಯವ್ವಾ. ಕಚೇರಿ ಮಂದಿ ಜಮೀನ ಅಳ್ಯಾಕ ಬರಾಕತ್ತಾರ. ನಮ್ಮ ಕೈಯಾಗ ಒಂದ ಕಾಗದಾನೂ ಇಲ್ಲ."

"ನನಗ ನಕಾಶೆ ತಗ್ಯಾಕ ಬರೂದಿಲ್ರಿ," ಎಂದೆ.

ಆತ ನನ್ನನ್ನೇ ನೋಡಿದ. "ನಾಕ ಅಕ್ಷರ ಕಲತ ಮ್ಯಾಲ ನಾವು ನೆನಪ ಇರೂದಿಲ್ಲ, ಬಿಡ್ರಿ" ಎಂದು ಹೊರಟ. ಕರೆದು ಎಲ್ಲ ಹೇಳಬಹುದಿತ್ತು. ಕರೆಯಲಿಲ್ಲ.

ವರ್ಷದೊಳಗೆ ಅವರ ಮಡ್ಡಿಗೂ ತಂತಿ ಬಿತ್ತು. ಅದರ ನಕಾಶೆ ಯಾರೂ ತೆಗೆದಿರಲಿಲ್ಲ. ಆಮೇಲೆ ಬಸ್ಸಿನ ನಿಲ್ದಾಣದಲ್ಲಿ ಆತ ಎದುರಾದಾಗಲೆಲ್ಲ, ಆತ ನೋಡುವ ಮೊದಲೇ ನಾನು ಮುಖ ತಿರುಗಿಸಿಕೊಳ್ಳುತ್ತಿದ್ದೆ.