ಉತ್ತರದ ಬಾಗಿಲು

ಆರ್ನ್‌ಚೆಸ್ಟರಿನ ಕೆಥೀಡ್ರಲ್ ಗುಡ್ಡದ ನೆತ್ತಿಯ ಮೇಲೆ ಊರಿಗೆ ಅಡ್ಡಲಾಗಿ ಕೂತಿದೆ. ಕಟ್ಟಿಸಿದವರ ಕಣ್ಣು ಆಕಾಶದ ಮೇಲಿತ್ತು, ಕೆಳಗೆ ನಡೆದಾಡುವವರ ಯೋಚನೆ ಅವರಿಗೆ ಬರಲಿಲ್ಲ. ಹಾಗಾಗಿ ಕೆಳಪೇಟೆಯ ಜನ ದಕ್ಷಿಣದ ಬಾಗಿಲಿನಲ್ಲಿ ಒಳಹೊಕ್ಕು, ಕಂಬಗಳ ನಡುವೆ ಹಾದು, ಉತ್ತರದ ಬಾಗಿಲಿನಿಂದ ಮೇಲ್ಪೇಟೆಗೆ ಹೊರಬೀಳುತ್ತಿದ್ದರು. ಅದು ಮುತ್ತಜ್ಜಂದಿರ ಕಾಲದಿಂದ ಬಂದ ದಾರಿ. ಗಂಡಸರು ಟೋಪಿ ತೆಗೆಯುತ್ತಿದ್ದರು, ಹೆಂಗಸರು ದನಿ ತಗ್ಗಿಸುತ್ತಿದ್ದರು, ಅಷ್ಟೇ ಮರ್ಯಾದೆ. ಹಿಂದೊಮ್ಮೆ ರಾಜನಿಗೂ ಪಾರ್ಲಿಮೆಂಟಿಗೂ ನಡೆದ ಅಂತರ್ಯುದ್ಧದಲ್ಲಿ ಸೈನಿಕರು ಒಳಗೆ ಕುದುರೆ ಕಟ್ಟಿದ್ದಾಗಲೂ ಜನ ಲದ್ದಿ ದಾಟಿಕೊಂಡು ಅಲ್ಲೇ ನಡೆದರಂತೆ. ಆ ದಾರಿ ಮುಚ್ಚುವ ಧೈರ್ಯ ಕತ್ತಿ ಹಿಡಿದವರಿಗೂ ಬಂದಿರಲಿಲ್ಲ. ಅದು ಬಂದದ್ದು ಹೊಸದಾಗಿ ನೇಮಕವಾದ ಡೀನ್ ಸಾಹೇಬರಿಗೆ, ಆ ಕೆಥೀಡ್ರಲಿನ ಹಿರಿಯ ಪಾದ್ರಿಗೆ.

ಮಾವಿಸ್ ಪಿಂಚ್‌ಬೆಕ್ ಕೆಳಪೇಟೆಯ ಮಾರುಕಟ್ಟೆಯಲ್ಲಿ ಮೀನು ಮಾರುವವಳು. ದಪ್ಪ ತೋಳು, ಐಸಿನಲ್ಲಿ ಕೈಯಾಡಿಸಿ ಕೆಂಪಾದ ಬೆರಳು, ಬಾಯಿ ಮಾತ್ರ ಕತ್ತರಿ. ಮೆಥಡಿಸ್ಟ್ ಎಂಬ ಬೇರೆ ಪಂಗಡದ ಮನೆತನದ ಅವಳು ಕೆಥೀಡ್ರಲಿನಲ್ಲಿ ಒಮ್ಮೆಯೂ ಮೊಣಕಾಲೂರಿದವಳಲ್ಲ. ಆದರೆ ದಿನಾ ಮಧ್ಯಾಹ್ನ ಅಂಗಡಿಗೆ ಪರದೆ ಎಳೆದು, ಮನೆಗೆ ಹೋಗಿ ಬಿಸಿ ಮಾಡಿದ ಮಾಂಸದ ಪೈ, ಬಟಾಣಿ, ಗ್ರೇವಿಯನ್ನು ಎರಡು ತಟ್ಟೆಗಳ ನಡುವೆ ಮುಚ್ಚಿ, ಟವೆಲಿನಲ್ಲಿ ಗಂಟುಕಟ್ಟಿ, ಕೆಥೀಡ್ರಲಿನೊಳಗಿಂದ ದಾಟುತ್ತಿದ್ದಳು. ಉತ್ತರದ ಬಾಗಿಲಿಗೆ ಎದುರಾಗಿ, ದಿಕ್ಕಿಲ್ಲದ ಮುದುಕಿಯರಿಗೆಂದು ಯಾವುದೋ ಕಾಲದ ಬಿಷಪ್ಪರು ಕಟ್ಟಿಸಿದ ಸಾಲುಮನೆಗಳಿದ್ದವು. ಅವುಗಳಲ್ಲೊಂದರಲ್ಲಿ ಅವಳ ತಂಗಿ ಎನಿಡ್ ಇದ್ದಳು. ಸಂಧಿವಾತದಿಂದ ಬೆರಳುಗಳು ಮಡಚಿಹೋಗಿ ಎನಿಡ್‌ಗೆ ಕೆಟಲು ಎತ್ತಲೂ ಆಗುತ್ತಿರಲಿಲ್ಲ. ಅಕ್ಕ ತಂದ ಬಿಸಿ ಊಟವೇ ಅವಳ ದಿನದ ಊಟ. ಉಪ್ಪು ಹೆಚ್ಚಾಯಿತೆಂದು ಅವಳು ಗೊಣಗುವುದು, ನಾಳೆಯಿಂದ ತರುವುದಿಲ್ಲವೆಂದು ಇವಳು ಬೈಯುವುದು, ಮರುದಿನ ಮತ್ತೆ ತರುವುದು. ಇಬ್ಬರಿಗೂ ಬೇರೆ ಯಾರೂ ಇರಲಿಲ್ಲ.

ಟೂರಿಸ್ಟ್ ಬಸ್ಸುಗಳು ಊರಿಗೆ ಬರತೊಡಗಿದ ವರ್ಷವೇ ಉತ್ತರದ ಬಾಗಿಲಿಗೆ ಬೀಗ ಬಿತ್ತು. ನೋಡಲು ಬಂದವರು ಒಂದೇ ದಿಕ್ಕಿನಲ್ಲಿ ಸಾಗಬೇಕಂತೆ, ಹಾದುಹೋಗುವವರ ಚೀಲಗಳಿಂದ ಈರುಳ್ಳಿ ವಾಸನೆ ಬರುತ್ತದೆಂದು ಯಾರೋ ದೂರಿದರಂತೆ. ಮಾವಿಸ್ ಏಪ್ರನ್ನನ್ನೂ ಬಿಚ್ಚದೆ ಡೀನರ ಮನೆಗೆ ಹೋದಳು. ಅವರು ಕೂರಿಸಿ ಚಹಾ ಕೊಟ್ಟರು. ಅವಳಿಗೆ ಆ ಉಪಚಾರ ಬೈಗುಳಕ್ಕಿಂತ ಕಹಿಯಾಯಿತು.

"ಅದು ಪ್ರಾರ್ಥನೆಯ ಜಾಗ, ಮಿಸೆಸ್ ಪಿಂಚ್‌ಬೆಕ್, ರಸ್ತೆ ಅಲ್ಲ. ಪ್ರಾರ್ಥನೆಗೆ ಬನ್ನಿ, ಯಾರು ಬೇಡ ಅಂತಾರೆ?" ಎಂದರು ಡೀನರು.

"ನಿಮ್ಮ ದೇವ್ರ ಹತ್ರ ನಾನೇನೂ ಕೇಳೋಕೆ ಬಂದಿಲ್ಲ ಸ್ವಾಮಿ. ನನ್ನ ತಂಗಿ ಊಟ ಆರೋಗತ್ತೆ, ಅದಕ್ಕೆ ಬಂದೆ."

ಹಾಗಿದ್ದರೆ ಮಹಿಳಾ ಸಮಿತಿಯವರಿಗೆ ಹೇಳಿ ಎನಿಡ್‌ಗೆ ಸೂಪು ಕಳಿಸೋಣ ಎಂದರು ಡೀನರು. ಮಾವಿಸ್ ಕಪ್ಪನ್ನು ಮುಟ್ಟದೆ ಎದ್ದುಬಂದಳು. ನಡೆಯುವ ದಾರಿ ಕಿತ್ತುಕೊಂಡು ಕೈಗೆ ಸೂಪು ಕೊಡುತ್ತಾರಂತೆ, ಎಂಥ ಧರ್ಮಾತ್ಮರು!

ಆಮೇಲೆ ಅವಳು ಅಂಗಡಿ ಅಂಗಡಿ ಅಲೆದಳು. ಕೆಥೀಡ್ರಲಿನ ಆಡಳಿತದ ಸಭೆಗೆ ನನ್ನ ಜೊತೆ ಬನ್ನಿ, ಹತ್ತು ಜನ ನಿಂತರೆ ಬೀಗ ತೆಗೆಯುತ್ತಾರೆ ಎಂದಳು. ಮೊಳೆ ಸುತ್ತಿಗೆ ಮಾರುತ್ತಿದ್ದ ಹೊರೇಸ್ ಟಪ್‌ಹೋಮ್ ಈಗ ಅದೇ ಅಂಗಡಿಯಲ್ಲಿ ಟೂರಿಸ್ಟರಿಗೆ ಕೇಕು ಮಾರುತ್ತಿದ್ದ. ಅವನು ಚಿಕ್ಕಂದಿನಲ್ಲಿ ಶಾಲೆಗೆ ಓಡಿದ್ದು ಅದೇ ಬಾಗಿಲಲ್ಲಿ. "ಬಸ್ಸಿನೋರು ಬಂದ್ರೇನೇ ನಮ್ಮ ಹೊಟ್ಟೆ ತುಂಬೋದು ಮಾವಿಸ್, ಬೇಜಾರು ಮಾಡ್ಕೋಬೇಡಮ್ಮ," ಎಂದ. ಉಳಿದವರು ಬರುತ್ತೇವೆಂದರು. ಸಭೆಯ ದಿನ ಅವಳೊಬ್ಬಳೇ ನಿಂತಿದ್ದಳು. ಡೀನರ ಮೇಲಿದ್ದ ಸಿಟ್ಟಿನ ಮುಕ್ಕಾಲು ಪಾಲು ಆ ದಿನ ಊರಿನವರ ಕಡೆ ತಿರುಗಿತು, ಮತ್ತೆ ಇಳಿಯಲೇ ಇಲ್ಲ.

ಅವಳು ಕೆಥೀಡ್ರಲಿನ ಆವರಣದ ಹಳೆಯ ಗೋಡೆಯನ್ನು ಸುತ್ತಿಕೊಂಡು, ಕಡಿದಾದ ಕಲ್ಲುಹಾಸಿನ ರಸ್ತೆಯಲ್ಲಿ ಊಟ ಹೊತ್ತಳು. ಮೊದಲೇ ಮಂಡಿ ನೋವಿನವಳು. ತಲುಪುವಷ್ಟರಲ್ಲಿ ಗ್ರೇವಿ ಹೆಪ್ಪುಗಟ್ಟಿರುತ್ತಿತ್ತು, ಮಾತಾಡಲು ಹೊತ್ತೂ ಇರುತ್ತಿರಲಿಲ್ಲ. ಜನವರಿಯಲ್ಲಿ ರಸ್ತೆಯ ಮಂಜುಗಡ್ಡೆಯ ಮೇಲೆ ಜಾರಿ ಬಿದ್ದಳು. ತಟ್ಟೆ ಒಡೆದು ಪೈ ಕಲ್ಲಿನ ಮೇಲೆ ಚೆಲ್ಲಿತು. ಒಬ್ಬ ಟೂರಿಸ್ಟ್ ಪಾಪ ಕೈಹಿಡಿದು ಎತ್ತಿದ, ಇನ್ನೊಬ್ಬ ಫೋಟೋ ತೆಗೆದ.

ಮಂಡಿ ಊದಿ ಮಾವಿಸ್ ಹಾಸಿಗೆ ಹಿಡಿದಳು. ಸಮಿತಿಯ ಸೂಪನ್ನು ಎನಿಡ್ ಬಾಗಿಲಿನಿಂದಲೇ ವಾಪಸು ಕಳಿಸಿದಳು. ಅಕ್ಕನಷ್ಟೇ ಜಂಬ ತಂಗಿಗೂ ಇತ್ತು. ಒಣ ಬ್ರೆಡ್ಡು ತಿಂದುಕೊಂಡು, ಅಕ್ಕನಿಲ್ಲದೆ ಒಲೆ ಹಚ್ಚಲಾಗದೆ, ಶೀತ ಎದೆಗಿಳಿದು, ಅಕ್ಕ ಎದ್ದು ಓಡಾಡುವ ಮೊದಲೇ ತೀರಿಹೋದಳು. ನ್ಯುಮೋನಿಯಾ ಎಂದರು ಡಾಕ್ಟರು. ಬಾಗಿಲು ಕೊಂದಿತು ಎಂದು ಯಾವ ಡಾಕ್ಟರೂ ಬರೆಯುವುದಿಲ್ಲ.

ಮಣ್ಣಿನ ಹಿಂದಿನ ದಿನ ಡೀನರು ಮೊಟ್ಟಮೊದಲ ಬಾರಿಗೆ ಮೀನಿನ ಮಾರುಕಟ್ಟೆಗೆ ಇಳಿದುಬಂದರು. ಮಾವಿಸ್ ಒಂದು ಕೈಯಲ್ಲಿ ಊರುಗೋಲು ಹಿಡಿದೇ ಅಂಗಡಿಯಲ್ಲಿ ನಿಂತಿದ್ದಳು. ಡೀನರ ಮುಖದಲ್ಲಿ ನಿಜವಾಗಿಯೂ ನೋವಿತ್ತು. ಸಾಲುಮನೆಯಿಂದ ಕೆಳಪೇಟೆಯ ಮೆಥಡಿಸ್ಟ್ ಚರ್ಚಿಗೆ ಶವಪೆಟ್ಟಿಗೆ ಕೆಥೀಡ್ರಲಿನ ಒಳಗಿಂದಲೇ ಬರಲಿ, ಉತ್ತರದ ಬಾಗಿಲನ್ನು ತಾನೇ ನಿಂತು ತೆಗೆಸುತ್ತೇನೆ ಎಂದರು.

ಮಾವಿಸ್ ಚಾಕು ಕೆಳಗಿಟ್ಟಳು. "ಅವಳ ಊಟಕ್ಕೆ ತೆಗೀಲಿಲ್ಲ. ಈಗ ಅವಳಿಗೇನು ಅವಸರ? ಸುತ್ತಿಕೊಂಡೇ ಬರ್ತಾಳೆ."

ಮರುದಿನ ಮಧ್ಯಾಹ್ನ ಮಾರುಕಟ್ಟೆಯ ಹಮಾಲರು ಪೆಟ್ಟಿಗೆಯನ್ನು ಹೆಗಲ ಮೇಲೆ ಹೊತ್ತು, ಗೋಡೆ ಸುತ್ತಿ, ಕಲ್ಲುಹಾಸಿನ ರಸ್ತೆ ಇಳಿದರು. ಮುಂದೆ ಊರುಗೋಲು ಹಿಡಿದ ಮಾವಿಸ್, ಹಿಂದೆ ಸಾಲಾಗಿ ನಿಂತುಹೋದ ಬಸ್ಸುಗಳು. ಅವಳು ಬೇಕೆಂದೇ ನಿಧಾನ ನಡೆದಳು. ಅಂಗಡಿಯವರೆಲ್ಲ ಹೊರಬಂದು ಟೋಪಿ ತೆಗೆದರು. ಇಳಿಜಾರಿನಲ್ಲಿ ಹಮಾಲನೊಬ್ಬ ಎಡವಿದಾಗ ಹೊರೇಸ್ ಓಡಿಬಂದು ಪೆಟ್ಟಿಗೆಗೆ ಹೆಗಲು ಕೊಡಹೋದ. ಮಾವಿಸ್ ಊರುಗೋಲನ್ನು ಅವನ ಎದೆಗೆ ಅಡ್ಡ ಹಿಡಿದಳು.

"ನೀನು ಬೇಡ. ಕರೆದಾಗ ಬರ್ಲಿಲ್ಲ."

ಹಮಾಲ ಸುಧಾರಿಸಿಕೊಳ್ಳುವವರೆಗೆ ಕಾದು, ಅವಳು ಮತ್ತೆ ನಡೆದಳು.