ಕಾಪು ಮನೆಯ ವೇಗ

ಬಿಸಿಯಾದ ರಬ್ಬರಿನ ವಾಸನೆ ಯಾರಿಗೂ ಹಿಡಿಸುವಂಥದ್ದಲ್ಲ. ಮೊನ್ನೆ ಬೆಳಿಗ್ಗೆ ಮಣಿಪಾಲದ ನನ್ನ ಫ್ಲ್ಯಾಟಿನ ಅಡುಗೆಮನೆಯಲ್ಲಿ ಮಿಕ್ಸಿಗೆ ತೆಂಗಿನತುರಿ ಹಾಕಿ ತಿರುಗಿಸುತ್ತಿದ್ದಾಗ ಆ ವಾಸನೆ ಬಂತು. ಕೂಡಲೇ ಆರಿಸಬೇಕಿತ್ತು. ಆರಿಸದೆ ನಿಂತಲ್ಲೇ ಉಸಿರೆಳೆದುಕೊಂಡೆ. ಕಾಪುವಿನ ನಮ್ಮ ಮನೆಯ ಭಾನುವಾರದ ಮಧ್ಯಾಹ್ನಗಳಿಗೆ ಇದೇ ವಾಸನೆ ಇತ್ತು. ಬಿಸಿ ರಬ್ಬರು, ಅದರ ಜೊತೆ ಪೆಟ್ಟಿಗೆಯಲ್ಲಿಟ್ಟ ಕರ್ಪೂರ, ಕಿಟಕಿಯಿಂದ ಬರುತ್ತಿದ್ದ ಒಣಗುವ ಬಲೆಯ ಉಪ್ಪುಗಾಳಿ. ನಿಮಗೂ ಇಂಥದೊಂದು ವಾಸನೆ ಇರಬಹುದು, ಹೊರಗಿನವರಿಗೆ ಹೇಳಿದರೆ ನಗುವಂಥದ್ದು. ಹೇಳಿದರೆ ಅರ್ಥವಾಗುತ್ತಿದ್ದವಳು ನನಗೆ ಒಬ್ಬಳೇ ಇದ್ದಳು, ನನ್ನ ಅಕ್ಕ ಸುಮತಿ. ಅವಳು ಈಗ ಇಲ್ಲ. ಅವಳ ಕಿವಿ ಪೂರ್ತಿ ಮುಚ್ಚಿಹೋಗುವ ಮೊದಲು, ಆ ಮನೆಯಲ್ಲಿ ಕೇಳುತ್ತಿದ್ದ ಸಂಗೀತವನ್ನು ಅಲ್ಲಿ ಕೇಳಿದ ಹಾಗೆಯೇ ಇನ್ನೊಮ್ಮೆ ಅವಳಿಗೆ ಕೇಳಿಸಬೇಕೆಂದು ನನಗೊಂದು ಹಟ ಹಿಡಿದಿತ್ತು. ಹಾಡು ಸಿಗುವುದು ಕಷ್ಟವಾಗಲಿಲ್ಲ. ‘ಹಾಗೆಯೇ’ ಎನ್ನುವುದು ಕಷ್ಟವಾಯಿತು.

ನಮ್ಮಲ್ಲಿ ಮನೆಗೆ ಹಿರಿಯನೆಂದರೆ ತಾಯಿಯ ಅಣ್ಣ. ನಮ್ಮ ಸಂಜೀವ ಮಾವ ಸರಕಿನ ಹಡಗಿನಲ್ಲಿ ಅಡುಗೆಯವರಾಗಿದ್ದರು. ಅವರು ಕೆಲಸ ಬಿಟ್ಟು ಊರಿಗೆ ಬಂದಾಗ ನೆರೆಯವರೆಲ್ಲ ಟಾರ್ಚು, ಸೆಂಟು, ನೈಲಾನ್ ಸೀರೆ ನಿರೀಕ್ಷಿಸಿ ಜಗಲಿಯಲ್ಲಿ ಕೂತಿದ್ದರು. ಮಾವ ಪೆಟ್ಟಿಗೆ ತೆರೆದರೆ ಒಳಗಿದ್ದದ್ದು ಮರದ ಕವಚದ ಒಂದು ರೆಕಾರ್ಡ್ ಪ್ಲೇಯರು ಮತ್ತು ಹಳೆಯ ಲುಂಗಿಯಲ್ಲಿ ಸುತ್ತಿದ ಒಂದಷ್ಟು ರೆಕಾರ್ಡುಗಳು. ಅಮ್ಮ ಒಂದನ್ನು ಎತ್ತಿ ಹಿಂದೆ ಮುಂದೆ ನೋಡಿ, “ಎಂತ ಅಣ್ಣ, ಇಷ್ಟು ಕಾಲ ಕಡಲಿನಲ್ಲಿದ್ದು ಕರಟಿದ ದೋಸೆ ತಂದದ್ದಾ?” ಎಂದಳು. ಯಾವುದೋ ಚಳಿಯ ಬಂದರಿನಲ್ಲಿ ಹಡಗು ಕೆಟ್ಟು ನಿಂತಿದ್ದಾಗ, ಬೆಚ್ಚಗಿರುತ್ತದೆಂದು ಮಾವ ಒಂದು ನೆಲಮಾಳಿಗೆಯ ಹೋಟೆಲಿಗೆ ಹೊಕ್ಕಿದ್ದರಂತೆ. ಅಲ್ಲಿ ನಾಲ್ಕೈದು ಜನ ಜಾಝ್ ನುಡಿಸುತ್ತಿದ್ದರು. ಹಡಗು ರಿಪೇರಿಯಾಗುವವರೆಗೆ ಮಾವ ದಿನಾ ಅಲ್ಲಿಗೆ ಹೋದರು. ಭಾಷೆ ಬಾರದ ಊರಿನಲ್ಲಿ ತನ್ನೊಡನೆ ಮಾತಾಡಿದ್ದು ಅದೊಂದೇ ಎಂದು ಅವರು ಹೇಳುವಾಗ ನಮಗೆ ನಗು ಬರುತ್ತಿತ್ತು.

ಭಾನುವಾರ ಊಟವಾದ ಮೇಲೆ ನಡುಕೋಣೆಯಲ್ಲಿ ಚಾಪೆ ಹಾಸಬೇಕು. ಕಾಲು ತೊಳೆದು ಒರೆಸಿಕೊಂಡೇ ಒಳಗೆ ಬರಬೇಕು. ರಸ್ತೆ ಕಡೆಯ ಕಿಟಕಿ ಮುಚ್ಚಬೇಕು, ಕಡಲಿನ ಕಡೆಯದು ತೆರೆದಿರಬೇಕು. ಅಮ್ಮನ ಹಳೆಯ ಸೀರೆಯ ಮೆತ್ತನೆ ತುಂಡಿನಿಂದ ರೆಕಾರ್ಡನ್ನು ಒರೆಸುವುದು ಅಕ್ಕನ ಕೆಲಸ, ಕವರನ್ನು ಗೋಡೆಗೆ ಒರಗಿಸಿಡುವುದು ನನ್ನದು. ಒಂದು ಬದಿ ಮುಗಿಯುವವರೆಗೆ ಯಾರೂ ಮಾತಾಡುವ ಹಾಗಿಲ್ಲ, ಏಳುವ ಹಾಗಿಲ್ಲ. ಮುಗಿದ ಮೇಲೆ ಚಹಾ, ಚಹಾದೊಡನೆ ಚರ್ಚೆ. ಚರ್ಚೆ ಮಾಡದೆ ರೆಕಾರ್ಡ್ ತಿರುಗಿಸಿ ಹಾಕುವ ಹಾಗಿಲ್ಲ. ಎಲ್ಲಕ್ಕಿಂತ ದೊಡ್ಡ ನಿಯಮ, ಒಬ್ಬರೇ ಕೇಳಬಾರದು. ನಾವಿಬ್ಬರೂ ಶಾಲೆಗೆ ಹೋದಾಗಲೂ ಮಾವ ಒಬ್ಬರೇ ಆ ಪ್ಲೇಯರಿನ ಪೆಟ್ಟಿಗೆ ಮುಟ್ಟಿದವರಲ್ಲ. “ಒಬ್ಬನೇ ಉಣ್ಣುವುದು, ಒಬ್ಬನೇ ಕೇಳುವುದು, ಎರಡೂ ನನಗೆ ಹಡಗಿನಲ್ಲಿ ಸಾಕಾಗಿದೆ,” ಎನ್ನುತ್ತಿದ್ದರು. ಮುಂದೆ ನಾನು ನಿಟ್ಟೆಯ ಕಡೆ ಹುಡುಗಿಯರ ಹಾಸ್ಟೆಲಿನಲ್ಲಿ ವಾರ್ಡನ್ ಆಗಿ ಗಂಟೆ ಬಾರಿಸಿ ಜೀವನ ಕಳೆದೆ. ಹುಡುಗಿಯರು ನನ್ನ ಬೆನ್ನ ಹಿಂದೆ ನನ್ನನ್ನು ಮಿಲಿಟರಿ ಎನ್ನುತ್ತಿದ್ದರು. ಆ ಮಿಲಿಟರಿಗೆ ತರಬೇತಿ ಆದದ್ದು ಈ ಚಾಪೆಯ ಮೇಲೆ.

ಚರ್ಚೆಗೆ ಜೀವ ಬರುತ್ತಿದ್ದದ್ದು ಲಾರೆನ್ಸ್ ಮಾಸ್ಟ್ರು ಬಂದಾಗ. ಅವರು ಮದುವೆಯ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದುವವರು. ಇಗರ್ಜಿ ಎಂದು ಅವರು ಕರೆಯುತ್ತಿದ್ದ ಚರ್ಚಿನಲ್ಲಿ ಪೂಜೆ ಮುಗಿಸಿ, ಊಟ ಮುಗಿಸಿ, ಶಿರ್ವದ ಕಡೆಯಿಂದ ಸೈಕಲಿನಲ್ಲಿ ಬರುತ್ತಿದ್ದರು. ಮಾತೆಲ್ಲ ತುಳುವಿನಲ್ಲಿ ನಡೆಯುತ್ತಿತ್ತು. ಕನ್ನಡದಲ್ಲಿ ಬರೆದರೆ ಅದರ ಅರ್ಧ ಖಾರ ಇಳಿದುಹೋಗುತ್ತದೆ, ಆದರೂ ಬರೆಯುತ್ತೇನೆ.

“ಸಂಜೀವಣ್ಣ, ರೆಕಾರ್ಡ್ ಅಂದ್ರೆ ಒಣಮೀನು ಮಾರಾಯ,” ಎನ್ನುತ್ತಿದ್ದರು ಮಾಸ್ಟ್ರು. “ಎದುರು ಕೂತು ಊದಿದರೆ ಅದು ಹಸಿ ಮೀನು. ನೀನು ಒಣಮೀನು ತಿನ್ನಿಸಿ ಬಂಗುಡೆಯ ವರ್ಣನೆ ಮಾಡ್ತಿ.”

“ಮಳೆಗಾಲದಲ್ಲಿ ಬೋಟು ಮೇಲೆ ಎಳೆದ ಮೇಲೆ ನೀನು ಎಂತ ತಿನ್ನುವುದು ಲಾರೆನ್ಸಾ? ಗಾಳಿಯಾ?”

“ತಿನ್ನುತ್ತೇನೆ, ಆದರೆ ಹಸಿ ಅಂತ ಹೇಳುವುದಿಲ್ಲ.”

“ನೀನು ಮದುವೆಯಲ್ಲಿ ಊದುವುದನ್ನು ಹಸಿ ಅಂತ ಹೇಳುವುದಾದರೆ, ಅದಕ್ಕಿಂತ ಒಣಮೀನೇ ಆದೀತು.”

ಅಮ್ಮ ಚಹಾದ ಲೋಟ ಇಟ್ಟು, ಇಬ್ಬರೂ ಮೀನಿನ ಮಾತು ಆಡಿ ಹಸಿವು ತರಿಸಬೇಡಿ ಎಂದು ಒಳಗೆ ಹೋಗುತ್ತಿದ್ದಳು. ಅವಳಿಗೆ ಆ ಸಂಗೀತದಲ್ಲಿ ಇಷ್ಟವಾಗಿದ್ದದ್ದು ಒಂದೇ. ಜನರೆದುರು ನುಡಿಸುವಾಗಲೇ ಹಿಡಿದ ಒಂದು ರೆಕಾರ್ಡಿನಲ್ಲಿ, ಎಲ್ಲರೂ ಸುಮ್ಮನಾಗಿ ದೊಡ್ಡ ಬೇಸ್ ಪಿಟೀಲೊಂದೇ ಮೆಲ್ಲನೆ ಶುರುವಾಗುವ ಜಾಗದಲ್ಲಿ, ಯಾರೋ ಒಬ್ಬ ಕೆಮ್ಮುತ್ತಿದ್ದ. ಪ್ರತಿ ಸಲವೂ ಅಮ್ಮ ಅಡುಗೆಮನೆಯಿಂದಲೇ, “ಪಾಪ, ಅವನಿಗೆ ಯಾರಾದರೂ ಶುಂಠಿ ಕಷಾಯ ಕೊಡಿ,” ಎನ್ನುತ್ತಿದ್ದಳು. ಮೌನದ ನಿಯಮ ಮುರಿಯಲು ಆ ಮನೆಯಲ್ಲಿ ಅವಳೊಬ್ಬಳಿಗೆ ಅನುಮತಿ ಇತ್ತು. ಅಕ್ಕ ಮತ್ತು ನಾನು ಬಾಯಿಗೆ ಸೆರಗು, ಲಂಗದ ಅಂಚು ತುರುಕಿಕೊಂಡು ನಗು ತಡೆಯುತ್ತಿದ್ದೆವು.

ಒಂದು ಮಳೆಗಾಲ ಪೆಟ್ಟಿಗೆಯೊಳಗಿನ ರಬ್ಬರ್ ಪಟ್ಟಿ ತುಂಡಾಯಿತು. ಅಂಥದ್ದು ಉಡುಪಿಯಲ್ಲಿ ಸಿಗಲಿಲ್ಲ. ಮಾಸ್ಟ್ರು ತಮ್ಮ ಸೈಕಲಿನ ಹಳೆಯ ಟ್ಯೂಬು ತಂದುಕೊಟ್ಟರು. ಮಾವ ಅದನ್ನು ಮೀನು ಕತ್ತರಿಸುವಷ್ಟು ಶ್ರದ್ಧೆಯಿಂದ ತೆಳ್ಳಗೆ ಕತ್ತರಿಸಿ, ಅಂಟಿಸಿ, ಒಳಗೆ ಸಿಕ್ಕಿಸಿದರು. ಪೆಟ್ಟಿಗೆ ತಿರುಗಿತು. ಮನೆಯಲ್ಲಿ ಹಬ್ಬವಾಯಿತು. ರಬ್ಬರು ಬಿಸಿಯಾಗುವ ವಾಸನೆ ಶುರುವಾದದ್ದು ಅಂದಿನಿಂದ. ಇನ್ನೊಂದು ಸಂಗತಿಯೂ ಅಂದಿನಿಂದಲೇ ಶುರುವಾಗಿತ್ತು, ಅದು ತಿಳಿದದ್ದು ಮಾಸ್ಟ್ರು ಕ್ಲಾರಿನೆಟ್ ತಂದು ರೆಕಾರ್ಡಿನ ಜೊತೆಗೆ ಊದಲು ಕೂತಾಗ. ಒಂದೆರಡು ಉಸಿರು ಊದಿ ನಿಲ್ಲಿಸಿದರು.

“ನಿನ್ನ ಪೆಟ್ಟಿಗೆ ನಿಧಾನ ತಿರುಗುತ್ತಾ ಉಂಟು ಸಂಜೀವಣ್ಣ. ಸ್ವರ ಕೆಳಗೆ ಇಳಿದಿದೆ. ಟ್ಯೂಬು ಜಾರುತ್ತದೆ.”

“ಪೆಟ್ಟಿಗೆ ಸರಿ ಉಂಟು. ನಿನ್ನ ಪೀಪಿ ಮೇಲೆ ಹತ್ತಿ ಕೂತಿದೆ.”

“ಇದು ಇಗರ್ಜಿಯ ಹಾರ್ಮೋನಿಯಂಗೆ ಸರಿಯಾಗಿ ಕೂರುತ್ತದೆ ಮಾರಾಯ!”

“ಹಾಗಾದರೆ ಹಾರ್ಮೋನಿಯಂಗೂ ಜ್ವರ ಬಂದಿರಬೇಕು. ಅಮೆರಿಕದವರು ತಪ್ಪು, ನೀನು ಸರಿಯಾ?”

ಮಾಸ್ಟ್ರು ಕ್ಲಾರಿನೆಟ್ ಬಿಚ್ಚಿ ಅದರ ಚೀಲಕ್ಕೆ ಹಾಕಿ ಸೈಕಲ್ ಹತ್ತಿದರು. ಮುಂದಿನ ಭಾನುವಾರ ಬರಲಿಲ್ಲ. ಅದರ ಮುಂದಿನದಕ್ಕೂ ಇಲ್ಲ. ಮಾವ ಚಾಪೆ ಹಾಸಿಸಿದರು, ಕಿಟಕಿ ಮುಚ್ಚಿಸಿದರು, ಆಮೇಲೆ ತಲೆನೋವೆಂದು ರೆಕಾರ್ಡನ್ನು ಕವರಿಗೆ ಹಾಕಿ ಮಲಗಿದರು. ಮತ್ತೊಂದು ವಾರ ಕಳೆದು ಅಂಗಳದಲ್ಲಿ ಸೈಕಲಿನ ಗಂಟೆ ಕೇಳಿಸಿತು. ಮಾಸ್ಟ್ರು ಏನೂ ಆಗದವರಂತೆ ಕಾಲು ತೊಳೆದು ಬಂದು ಕೂತರು. ಕ್ಲಾರಿನೆಟ್ಟಿನ ಕುತ್ತಿಗೆಯನ್ನು ತಿರುವಿ ಸ್ವಲ್ಪ ಹೊರಗೆಳೆದರು, ಊದಿ ನೋಡಿದರು, ಇನ್ನೂ ಸ್ವಲ್ಪ ಎಳೆದರು. ತುಟಿ ಸಡಿಲಿಸಿ ಊದಿದಾಗ ಅದು ಪೆಟ್ಟಿಗೆಯ ಸ್ವರಕ್ಕೆ ಇಳಿದು ಬಂದು ಕೂತಿತು. “ಈಗ ಸರಿಯಾಯಿತಲ್ವಾ?” ಎಂದರು. “ಈಗ ಸರಿಯಾಯಿತು,” ಎಂದರು ಮಾವ. ಆಮೇಲೆ ಆ ಮಾತು ಬರಲಿಲ್ಲ. ಮದುವೆಗೆ ಒಂದು ಸ್ವರ, ನಮ್ಮ ಮನೆಗೆ ಒಂದು ಸ್ವರ, ಹಾಗೆಯೇ ಕೊನೆಯವರೆಗೂ ಅವರು ಊದಿದರು. ಮಕ್ಕಳಾದ ನಾವು ಮಾವನೇ ಗೆದ್ದರೆಂದು ತಿಳಿದು ದೊಡ್ಡವರಾದೆವು.

ಆ ಮನೆ ಈಗ ಇಲ್ಲ. ಹೆದ್ದಾರಿ ಅಗಲವಾದಾಗ ಹೋಯಿತು. ಉಡುಪಿಯ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಕೂತರೆ ನಮ್ಮ ನಡುಕೋಣೆಯನ್ನು ದಾಟಿ ಮುಗಿಯಲು ಒಂದು ಕೆಮ್ಮಿನಷ್ಟೂ ಹೊತ್ತು ಬೇಡ. ಮಾವ, ಅಮ್ಮ, ಮಾಸ್ಟ್ರು ಅದಕ್ಕೂ ಮೊದಲೇ ಹೋಗಿದ್ದರು. ರೆಕಾರ್ಡುಗಳು ಅಟ್ಟದ ಸೆಕೆಗೆ ಹಪ್ಪಳದ ಹಾಗೆ ಸೊಟ್ಟಗಾದವು. ಅಕ್ಕ ಮದುವೆಯಾಗಿ ಕಾರ್ಕಳ ಸೇರಿದಳು, ನಾನು ಹಾಸ್ಟೆಲ್ ಸೇರಿದೆ. ಬಹಳ ಕಾಲ ನಮ್ಮಿಬ್ಬರ ಬದುಕಿನಲ್ಲಿ ಆ ಸಂಗೀತ ಇರಲೇ ಇಲ್ಲ. ಭಾವ ತೀರಿಕೊಂಡ ಮೇಲೆ, ನನಗೂ ನಿವೃತ್ತಿಯಾದ ಮೇಲೆ, ಕೈಯಲ್ಲಿ ಫೋನು ಬಂತು. ಅದರೊಳಗೆ ಮಾವನ ರೆಕಾರ್ಡುಗಳೆಲ್ಲ ಇದ್ದವು. ಭಾನುವಾರ ಊಟವಾದ ಮೇಲೆ ಅವಳು ಕಾರ್ಕಳದಲ್ಲಿ, ನಾನು ಮಣಿಪಾಲದಲ್ಲಿ ಒಂದೇ ಸಮಯಕ್ಕೆ ಒಂದೇ ಬದಿ ಹಾಕಿಕೊಂಡು ಕೇಳುವುದು, ಮುಗಿದ ಮೇಲೆ ಫೋನ್ ಮಾಡಿ ಜಗಳಾಡುವುದು ರೂಢಿಯಾಯಿತು. ನಾನು ಇಯರ್‌ಫೋನ್ ಪಕ್ಷ. ಒಂದೊಂದು ವಾದ್ಯವೂ ಅದರದರ ಜಾಗದಲ್ಲಿ ಅಚ್ಚುಕಟ್ಟಾಗಿ ಕೇಳಿಸುತ್ತದೆ. “ಕಿವಿಗೆ ಬೀಗ ಹಾಕಿಕೊಂಡು ಕೇಳುವುದಾ?” ಎಂದು ಅಕ್ಕ ಹಂಗಿಸುತ್ತಿದ್ದಳು. ಅವಳಿಗೆ ಸ್ಪೀಕರೇ ಆಗಬೇಕು, ಸಂಗೀತ ಗೋಡೆಗೆ ತಾಗಿ ಬರಬೇಕು. ಒಂದು ದಿನ ಸಿಟ್ಟಿನಲ್ಲಿ ಫೋನ್ ಮಾಡಿದಳು. “ಕೇಳಿದಿಯಾ ವಸಂತಿ? ಈ ಹೊಸದನ್ನು ತೊಳೆದು ಒರೆಸಿ ಆ ಕೆಮ್ಮಿನವನನ್ನು ಹೊರಗೆ ಹಾಕಿದ್ದಾರೆ ಮಾರಾಯ್ತಿ! ಅವನು ಯಾರಿಗೆ ಎಂತ ಮಾಡಿದ್ದ?” ಕೆಮ್ಮು ಇರುವ ಹಳೆಯ ಪ್ರತಿಯನ್ನು ಹುಡುಕಿ ಕಳುಹಿಸಿದ ಮೇಲೆಯೇ ಅವಳಿಗೆ ಸಮಾಧಾನವಾದದ್ದು.

ಆಮೇಲೆ ಅವಳ ಕಿವಿ ಮಂದವಾಗತೊಡಗಿತು. ಮೊದಲು ತಾಳದ ತಟ್ಟೆಗಳು ಹೋದವು, ಆಮೇಲೆ ಕಹಳೆ. ಕಿವಿಗೆ ಮಿಷನ್ ಹಾಕಿಸಿದೆವು. ಮಾತಿಗೆ ಅದು ಆಗುತ್ತದೆ, ಸಂಗೀತ ಮಾತ್ರ ಡಬ್ಬಿಯಲ್ಲಿ ಕೂಡಿಹಾಕಿದ ದುಂಬಿಯ ಹಾಗೆ ಕೇಳಿಸುತ್ತದೆ ಎಂದಳು. ಉಳಿದದ್ದೂ ಹೋಗಬಹುದು, ಯಾವಾಗ ಎಂದು ಹೇಳಲಾಗದು ಎಂದರು ಡಾಕ್ಟರು. ನಾನು ಒಳ್ಳೆಯದೊಂದು ಸ್ಪೀಕರ್ ಕೊಂಡು, ಕಾರ್ಕಳದ ಬಸ್ಸು ಹತ್ತಿ ಅವಳ ಮನೆಗೆ ಹೋದೆ. ಚಾಪೆಯ ಬದಲು ಊಟದ ಮೇಜು, ಅದರ ಮೇಲೆ ಸ್ಪೀಕರ್. ರಸ್ತೆ ಕಡೆಯ ಕಿಟಕಿ ಮುಚ್ಚಿದೆ. ಬೇಸ್ ಪಿಟೀಲಿನ ಆ ಬದಿ ಹಾಕಿದೆ. ಅಕ್ಕ ಸ್ವಲ್ಪ ಹೊತ್ತು ಕಿವಿ ಒಡ್ಡಿ ಕೂತು ಅಡ್ಡಡ್ಡ ತಲೆ ಆಡಿಸಿದಳು.

“ಇದಲ್ಲ. ಇವರು ಎಂತಕ್ಕೆ ಇಷ್ಟು ಅವಸರ ಮಾಡುವುದು? ಬಸ್ಸು ತಪ್ಪುತ್ತದಾ ಇವರಿಗೆ?”

ನನಗೂ ಹಾಗೆ ಅನಿಸುತ್ತಿತ್ತು, ವಯಸ್ಸಾದದ್ದಕ್ಕೆ ಎಂದುಕೊಂಡು ಸುಮ್ಮನಿದ್ದೆ. ಅವಳು ಬಾಯಿಬಿಟ್ಟು ಹೇಳಿದಾಗ ಲಾರೆನ್ಸ್ ಮಾಸ್ಟ್ರು ಕ್ಲಾರಿನೆಟ್ಟಿನ ಕುತ್ತಿಗೆ ಎಳೆಯುತ್ತಿದ್ದದ್ದು ಕಣ್ಣ ಮುಂದೆ ಬಂತು. ನಾವು ಕಲಿತದ್ದು ಜಾರುವ ಟ್ಯೂಬಿನ ವೇಗ. ಅದಕ್ಕೂ ಮೊದಲು ಕೇಳಿದ್ದ ಅಮೆರಿಕದವರ ವೇಗ ನಮಗೆ ಮರೆತೇಹೋಗಿತ್ತು. ಫೋನಿನಲ್ಲಿ ವೇಗ ಇಳಿಸಿ ನೋಡಿದೆ. “ಹೆಜ್ಜೆ ನಮ್ಮದು, ಸ್ವರ ಬೇರೆಯವರದ್ದು,” ಎಂದಳು. ಫೋನು ವೇಗವನ್ನು ಮಾತ್ರ ಇಳಿಸಿ ಸ್ವರವನ್ನು ಇದ್ದಲ್ಲೇ ಹಿಡಿದಿಡುತ್ತದೆ, ಪೆಟ್ಟಿಗೆ ಎರಡನ್ನೂ ಒಟ್ಟಿಗೆ ಇಳಿಸುತ್ತಿತ್ತು. ಹಾಗೆ ಇಳಿಸುವ ಬೇರೊಂದು ಆ್ಯಪ್ ಹುಡುಕಿಕೊಂಡು ಮುಂದಿನ ಭಾನುವಾರ ಮತ್ತೆ ಹೋದೆ. ಒಂದಿಷ್ಟು ಇಳಿಸುವುದು, ಅವಳ ಮುಖ ನೋಡುವುದು, ಮತ್ತಷ್ಟು ಇಳಿಸುವುದು. ಒಂದು ಕಡೆ ಅವಳು ಕೈ ಎತ್ತಿ ತಡೆದಳು. ಕಿವಿಯ ಮಿಷನ್ ತೆಗೆದು ಪಕ್ಕಕ್ಕಿಟ್ಟಳು. ಬಗ್ಗಿ, ಸಂಗೀತಕ್ಕೆ ಅದುರುತ್ತಿದ್ದ ಮೇಜಿನ ಹಲಗೆಗೆ ಕೆನ್ನೆ ಒತ್ತಿ, ಕಣ್ಣು ಮುಚ್ಚಿದಳು. ನಾನು ಏನೋ ಕೇಳಲು ಹೋದೆ. ಕಣ್ಣು ತೆರೆಯದೆಯೇ ತುಟಿಯ ಮೇಲೆ ಬೆರಳಿಟ್ಟಳು.

ಬದಿ ಮುಗಿಯಿತು. ಅವಳು ಎದ್ದು ಕೂತಾಗ ಕೆನ್ನೆಯ ಮೇಲೆ ಮೇಜುಬಟ್ಟೆಯ ಹೆಣಿಗೆ ಅಚ್ಚಾಗಿತ್ತು. ನಿಯಮದ ಪ್ರಕಾರ ಈಗ ಚರ್ಚೆ.

“ಮಾಸ್ಟ್ರು ಹೇಳಿದ್ದೇ ಸರಿ,” ಎಂದಳು ಅಕ್ಕ. ಮಿಷನ್ ಮತ್ತೆ ಕಿವಿಗೆ ಸಿಕ್ಕಿಸಿಕೊಳ್ಳುತ್ತ, “ಮಾವನಿಗೆ ಹೇಳುವುದು ಬೇಡ ಆಯ್ತಾ?” ಎಂದಳು.

ಅವಳು ಪೂರ್ತಿಯಾಗಿ ಕೇಳಿದ ಕೊನೆಯ ಬದಿ ಅದು. ಮಳೆ ಹಿಡಿಯುವಷ್ಟರಲ್ಲಿ ಹಲಗೆಯೂ ಅವಳಿಗೆ ಬರೀ ಹಲಗೆಯಾಯಿತು. ನಾನು ಹೋಗುವುದನ್ನು ನಿಲ್ಲಿಸಲಿಲ್ಲ. ಅವಳು, “ಹಾಕು, ನೀನು ಕೇಳು, ನಾನು ಕೂತಿರುತ್ತೇನೆ,” ಎಂದಳು. ಮೇಜಿನ ಆಚೆ ಕೂತು ನನ್ನ ಮುಖ ನೋಡುತ್ತಿದ್ದಳು. ಮೊದಮೊದಲು ನನಗೆ ನಾಚಿಕೆಯಾಯಿತು. ಆಮೇಲೆ ತಿಳಿಯಿತು, ನನ್ನ ಮುಖ ನೋಡಿ ಅವಳಿಗೆ ರೆಕಾರ್ಡು ಎಲ್ಲಿಗೆ ಬಂತೆಂದು ಗೊತ್ತಾಗುತ್ತಿತ್ತು. ಕಹಳೆ ಏರುವಲ್ಲಿ ಅವಳ ಹುಬ್ಬೂ ಏರುತ್ತಿತ್ತು. ಎಲ್ಲರೂ ಸುಮ್ಮನಾಗಿ ಬೇಸ್ ಪಿಟೀಲು ಶುರುವಾಗುವಲ್ಲಿ, ನಾನು ನಗುವ ಮೊದಲೇ ಅವಳು ನಗುತ್ತಿದ್ದಳು. ಆಯುಷ್ಯವಿಡೀ ಹುಡುಗಿಯರ ಮುಂದೆ ಮುಖ ಬಿಗಿದುಕೊಂಡು ಓಡಾಡಿದವಳು ನಾನು. ಅವಳಿಗೆ ಕೇಳಿಸಲೆಂದು ಆ ಮುಖವನ್ನು ಸಡಿಲಿಸುವುದನ್ನು ಈ ವಯಸ್ಸಿನಲ್ಲಿ ಕಲಿತೆ.

ಅಕ್ಕ ಹೋದ ಮೇಲೆ ಆ ವೇಗ ಬಲ್ಲವರು ಇನ್ನಾರೂ ಇಲ್ಲ. ಭಾನುವಾರ ಊಟವಾದ ಮೇಲೆ ಒಬ್ಬಳೇ ಕೇಳುತ್ತೇನೆ. ಮಾವನ ನಿಯಮ ಮುರಿದದ್ದಕ್ಕೆ ಕೇಳುವವರು ಯಾರೂ ಉಳಿದಿಲ್ಲ. ಬದಿ ಮುಗಿಯುವವರೆಗೆ ಏಳುವುದಿಲ್ಲ. ಎದುರಿನ ಕುರ್ಚಿಯ ಕಡೆ ಮುಖ ಮಾಡಿ, ಬೆಳಕು ನನ್ನ ಮೇಲೆ ಬೀಳುವ ಹಾಗೆ ಕೂರುತ್ತೇನೆ. ಕಹಳೆ ಏರುವಲ್ಲಿ ಹುಬ್ಬು ತಾನಾಗಿ ಏರುತ್ತದೆ. ಅದನ್ನು ಇಳಿಸಿಕೊಳ್ಳಲು ಇನ್ನೂ ಕಲಿತಿಲ್ಲ.